ಟ್ರಂಪೆಟ್‌ಗಳ ಮುಂದಿನ ಕುರ್ಚಿ

ಆ ದಿನ ಟೇಕ್ ಮೇಲೆ ಟೇಕ್ ಅದೇ ಒಂದು ಜಾಗದಲ್ಲಿ ನಿಲ್ಲುತ್ತಿತ್ತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮದ್ರಾಸಿನ ವಡಪಳನಿಯ ಹತ್ತಿರದ ಒಂದು ರೆಕಾರ್ಡಿಂಗ್ ಥಿಯೇಟರಿನಲ್ಲಿ ಸಿನಿಮಾ ಹಾಡೊಂದರ ಕೆಲಸ. ಒಂದೊಂದು ವಾದ್ಯವನ್ನು ಒಂದೊಂದು ಹೊತ್ತಿನಲ್ಲಿ ನುಡಿಸಿ ಆಮೇಲೆ ಕೂಡಿಸುವ ಪದ್ಧತಿ ನಮಗೆ ಇನ್ನೂ ಬಂದಿರಲಿಲ್ಲ. ಗಾಯಕರು ಗಾಜಿನ ಕೋಣೆಯಲ್ಲಿ, ವಾದ್ಯದವರು ನಾವೆಲ್ಲ ಹಾಲಿನಲ್ಲಿ. ಕೆಂಪು ದೀಪ ಹತ್ತಿತೆಂದರೆ ಹಾಡು ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಮುಗಿಯಬೇಕು. ಯಾರೊಬ್ಬರು ತಪ್ಪಿದರೂ ಎಲ್ಲರಿಗೂ ಮೊದಲಿನಿಂದ. ಏಸಿಯ ಸದ್ದು ಮೈಕಿಗೆ ಬೀಳುತ್ತದೆಂದು ಟೇಕಿನ ಹೊತ್ತಿಗೆ ಅದನ್ನು ನಿಲ್ಲಿಸಿಬಿಡುತ್ತಿದ್ದರು. ಗೋಡೆಗೆಲ್ಲ ಹೊದಿಸಿದ ತೆಂಗಿನ ನಾರಿನ ಚಾಪೆಯಿಂದ ಬಿಸಿ ವಾಸನೆ ಏಳುತ್ತಿತ್ತು.

ಎರಡನೆಯ ಚರಣಕ್ಕೆ ಮೊದಲು ವಯಲಿನ್‌ಗಳಿಗೆ ಮಾತ್ರ ಒಂದು ಸಣ್ಣ ಜಾಗ ಕೊಟ್ಟಿದ್ದರು. ತಾಳವಾದ್ಯಗಳೆಲ್ಲ ಸುಮ್ಮನಾಗುತ್ತವೆ, ನಾವು ಮೇಲಿನ ತಂತಿಯ ಮೇಲೆ, ಬೆರಳು ಹೆಚ್ಚುಕಮ್ಮಿ ತಂತಿಯ ಕೆಳಗಿನ ಹಲಗೆಯ ತುದಿಗೆ ಬರುವಷ್ಟು ಎತ್ತರಕ್ಕೆ ಹೋಗಿ, ಅಲ್ಲಿ ಒಂದು ಸ್ವರವನ್ನು ಹಿಡಿದು ನಿಲ್ಲಿಸಬೇಕು. ಅಲ್ಲಿಗೆ ಬಂದ ಕೂಡಲೇ, ಎದುರಿಗೆ ನಿಂತು ಎಲ್ಲರನ್ನೂ ನಡೆಸುವ ಕಂಡಕ್ಟರ್ ಕೈ ಇಳಿಸಿಬಿಡುತ್ತಿದ್ದರು.

"ಯಾರೋ ಒಬ್ಬರು ಕೆಳಗಿದ್ದೀರಿ," ಎಂದರು. ಹಾಲಿನ ಮಾತೆಲ್ಲ ತಮಿಳಿನದು, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. "ಒಂದು ಕೂದಲೆಳೆ. ಆದರೆ ಇದೆ."

ಇನ್ನೂ ಎರಡು ಸಲ ಹಾಗೇ ಆದ ಮೇಲೆ ನಮ್ಮ ಲೀಡರ್, ಅಂದರೆ ವಯಲಿನ್‌ನವರ ಮೊದಲ ಕುರ್ಚಿಯಲ್ಲಿ ಕೂರುವ ಹಿರಿಯರು, ಎದ್ದು ನಿಂತರು. ಇಬ್ಬಿಬ್ಬರಾಗಿ ಆ ಜಾಗ ನುಡಿಸಿ ಅಂದರು. ಹಾಲಿನಲ್ಲಿ ನಲವತ್ತು ಜನರ ಮುಂದೆ ಹೀಗೆ ನುಡಿಸುವುದೆಂದರೆ ಶಾಲೆಯಲ್ಲಿ ಬೆಂಚಿನ ಮೇಲೆ ನಿಂತ ಹಾಗೆ. ಮುಂದಿನ ಸಾಲು ಮುಗಿಯಿತು, ನಡುವಿನದು ಮುಗಿಯಿತು. ಕೊನೆಯ ಸಾಲಿನಲ್ಲಿ ನಾನು ಮತ್ತು ನನ್ನ ಜೊತೆ ಒಂದೇ ಸ್ಟ್ಯಾಂಡ್ ನೋಡಿ ನುಡಿಸುತ್ತಿದ್ದ ವೇಪೇರಿಯ ಅಣ್ಣ. ಅವರು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಚರ್ಚಿನಲ್ಲಿ ವಯಲಿನ್ ಕಲಿತವರು. ನಾವಿಬ್ಬರೂ ನುಡಿಸಿದೆವು. ನನಗೆ ಸರಿಯಾಗಿಯೇ ಕೇಳಿಸಿತು. ಇನ್ನೂ ಹೇಳಬೇಕೆಂದರೆ, ಅಂದು ನುಡಿಸಿದ್ದರಲ್ಲಿ ಅದೇ ಶುದ್ಧವಾಗಿತ್ತು ಅನ್ನಿಸಿತು.

ಎಲ್ಲರೂ ತಿರುಗಿ ನನ್ನನ್ನೇ ನೋಡುತ್ತಿದ್ದರು.

"ಸ್ವಲ್ಪ ಮೇಲೆ ಬಾ ತಂಬಿ," ಎಂದರು ಲೀಡರ್. ಬೆರಳನ್ನು ಚೂರು ಮುಂದೆ ಸರಿಸಿದೆ. "ಇನ್ನೂ ಚೂರು. ಹಾಂ, ಅದೇ."

ಅವರು ಹಾಂ ಅಂದ ಜಾಗದಲ್ಲಿ ಆ ಸ್ವರ ನನ್ನ ಕಿವಿಗೆ ಕರಕರ ಅನ್ನುವಷ್ಟು ಮೇಲಿತ್ತು. ಬೆರಳು ನಿಂತ ಜಾಗವನ್ನು ಕಣ್ಣಿನಲ್ಲೇ ಗುರುತು ಮಾಡಿಕೊಂಡೆ. ಮುಂದಿನ ಟೇಕಿನಲ್ಲಿ ಕಿವಿಯನ್ನು ನಂಬದೆ, ಕಣ್ಣನ್ನು ನಂಬಿ ನುಡಿಸಿದೆ. ಹಾಡು ಓಕೆ ಆಯಿತು. ಎಲ್ಲರೂ ಕೈ ಒರೆಸಿಕೊಂಡು ಎದ್ದರು. ನಾನು ಎದ್ದಿದ್ದು ಎಲ್ಲರಿಗಿಂತ ಕೊನೆಗೆ.

ಕ್ಯಾಂಟೀನಿನ ಹಿಂದೆ ಒಂದು ಬೇವಿನ ಮರವಿತ್ತು. ವೇಪೇರಿ ಅಣ್ಣ ತಮ್ಮ ಪೆಟ್ಟಿಗೆಯನ್ನು ಅಲ್ಲಿಗೇ ತಂದಿದ್ದರು. ಟೀ ಕುಡಿಯುತ್ತ ಬೇರೆ ಏನೋ ಮಾತಾಡಿದರು. ಆಮೇಲೆ ಗ್ಲಾಸು ಕೆಳಗಿಟ್ಟು, "ಎಡ ಕಿವಿ ಮುಚ್ಚಿಕೋ," ಎಂದರು.

ಮುಚ್ಚಿಕೊಂಡೆ. ಮೇಲಿನ ತಂತಿಯ ತುದಿಯಲ್ಲಿ ಬೆರಳನ್ನು ಮುಟ್ಟಿಯೂ ಮುಟ್ಟದ ಹಾಗೆ ಇಟ್ಟು, ಶಿಳ್ಳೆಯಂಥ ಒಂದು ಸ್ವರ ಎಳೆದರು. ಬಲಗಿವಿಗೆ ಕೇಳಿಸಿತು. "ಈಗ ಬಲ ಮುಚ್ಚಿಕೋ." ಅದೇ ಬೆರಳು, ಅದೇ ತಂತಿ, ಅದೇ ಕಮಾನು. ನನ್ನ ಎಡಗಿವಿಗೆ ಬೇರೆ ಸ್ವರ ಕೇಳಿಸಿತು. ತೆಳುವಾಗಿ, ಯಾವುದೋ ತಗಡಿನ ಡಬ್ಬಿಯ ಒಳಗಿನಿಂದ ಬಂದಂತೆ, ಮತ್ತು ಮೊದಲಿನದಕ್ಕಿಂತ ಮೇಲೆ.

"ಬೆರಳು ಸರಿಸಿದಿರಾ ಅಣ್ಣಾ?"

ಅವರು ಇಲ್ಲವೆಂದು ತಲೆಯಾಡಿಸಿದರು.

ಪಿಟೀಲು ನುಡಿಸುವವರ ಎಡಗಿವಿ ವಾದ್ಯದ ಮೇಲೇ ಇರುತ್ತದೆ. ಅಷ್ಟೇ ಆಗಿದ್ದರೆ ಬಹುಶಃ ತಡೆದುಕೊಳ್ಳುತ್ತಿತ್ತೇನೋ. ನಮ್ಮ ಕೊನೆಯ ಸಾಲಿನ ಹಿಂದೆ, ಒಂದು ಮೆಟ್ಟಿಲಷ್ಟು ಎತ್ತರದ ಹಲಗೆಯ ಮೇಲೆ ಟ್ರಂಪೆಟ್ ಮತ್ತು ಟ್ರೊಂಬೋನ್‌ನವರು ಕೂರುತ್ತಿದ್ದರು. ಅವರು ವಾದ್ಯ ಎತ್ತಿದರೆ ಅದರ ಬಾಯಿ ಸರಿಯಾಗಿ ನನ್ನ ತಲೆಯ ಎತ್ತರಕ್ಕೆ, ಎಡಗಡೆಯಿಂದ. ಫೈಟ್ ಸೀನುಗಳ ಹಿನ್ನೆಲೆ ಸಂಗೀತದ ದಿನ ಬೆಳಗಿನಿಂದ ಸಂಜೆಯವರೆಗೆ ಅದೇ. ಮನೆಗೆ ಹೋದ ಮೇಲೆ ಕಿವಿಯೊಳಗೆ ಹತ್ತಿ ತುಂಬಿದಂತೆ ಆಗುತ್ತಿತ್ತು. ಬೆಳಿಗ್ಗೆ ಎದ್ದರೆ ಬಿಟ್ಟಿರುತ್ತಿತ್ತು. ಎಲ್ಲರಿಗೂ ಹಾಗೇ ಆಗುತ್ತದೆ, ಅದು ಈ ಕೆಲಸದ ಸುಸ್ತು ಅಂದುಕೊಂಡಿದ್ದೆವು. ನಾನು ಆ ಕುರ್ಚಿಗೆ ಬಂದು ಕೆಲವು ವರ್ಷಕ್ಕೆ ಹೆಡ್‌ಫೋನ್ ಬಂತು. ತಾಳ ತಪ್ಪದಿರಲೆಂದು ಅದರಲ್ಲಿ ಟಕ್ ಟಕ್ ಎಂಬ ಸದ್ದು ಬಿಡುತ್ತಿದ್ದರು. ಒಂದು ಕಿವಿಗೆ ಅದು, ಇನ್ನೊಂದು ಕಿವಿ ನಮ್ಮ ವಾದ್ಯಕ್ಕೆ. ಹಿಂದಿನಿಂದ ಟ್ರಂಪೆಟ್ ಶುರುವಾದರೆ ಟಕ್ ಟಕ್ ಕೇಳಿಸದು. ಜೋರು ಮಾಡಿ ಅನ್ನುತ್ತಿದ್ದೆವು. ಅವರು ಮಾಡುತ್ತಿದ್ದರು.

ಬೆಳಿಗ್ಗೆಯೂ ಬಿಡದ ಒಂದು ಸದ್ದು ಆಗಲೇ ಶುರುವಾಗಿತ್ತು. ಎಲ್ಲೋ ದೂರದಲ್ಲಿ ಮುಚ್ಚದೆ ಬಿಟ್ಟ ನಲ್ಲಿಯ ಹಾಗೆ, ಕುಂಯ್ ಎಂದು.

ಆ ಹೊತ್ತಿಗೆ ನಾವು ಟಿ. ನಗರದ ಹಿಂಬದಿಯ ಒಂದು ಓಣಿಯಲ್ಲಿ, ಮಹಡಿಯ ಮೇಲಿನ ಎರಡು ಕೋಣೆಯಲ್ಲಿದ್ದೆವು. ಅಪ್ಪ ಉಡುಪಿಯ ಕಡೆಯಿಂದ ಬಂದು ಅಲ್ಲೇ ಹತ್ತಿರದ ಹೋಟೆಲಿನಲ್ಲಿ ಅಡುಗೆಗೆ ನಿಂತವರು. ನನ್ನ ಹೆಂಡತಿಯೂ ಆ ಕಡೆಯವಳೇ. ಮಗಳು ಮಾತ್ರ ಪೂರಾ ಮದ್ರಾಸಿನವಳು. ಆಗ ಕಾಲೇಜಿಗೆ ಹೋಗುತ್ತಿದ್ದಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುವುದು ಅವಳಿಗೆ ಮಾತು ಬಂದಾಗಿನಿಂದ ನಡೆದುಬಂದ ವ್ಯವಸ್ಥೆ. ಮೆಲ್ಲಗೆ, ತುಟಿ ಹೆಚ್ಚು ಅಲ್ಲಾಡಿಸದೆ, ಒಂದು ಮಾತಿನ ಬಾಲಕ್ಕೆ ಇನ್ನೊಂದನ್ನು ಸೇರಿಸಿ ಮಾತಾಡುತ್ತಾಳೆ.

ಆ ವರ್ಷ ಅವಳ ಮಾತು ನನಗೆ ತುಂಡುತುಂಡಾಗಿ ಕೇಳಿಸತೊಡಗಿತು. ದನಿ ಕೇಳುತ್ತದೆ, ಮಾತು ಸಿಗುವುದಿಲ್ಲ. ಸ, ಚ, ತ ಎಲ್ಲ ಉದುರಿಹೋಗಿ ಬರೀ ಸ್ವರಗಳು ಉಳಿದಂತೆ. ಇನ್ನೊಂದು ಸಲ ಹೇಳು ಅಂದರೆ ಹೇಳುವಳು. ಮೂರನೆಯ ಸಲ ಕೇಳಿದರೆ, "ಒಣ್ಣುಮಿಲ್ಲಪ್ಪಾ," ಏನಿಲ್ಲ ಬಿಡಿ ಅಪ್ಪಾ, ಎಂದು ಎದ್ದುಹೋಗುವಳು. ಅದೊಂದು ಮಾತು ಮಾತ್ರ ಪ್ರತಿ ಸಲವೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಬೇವಿನ ಮರದ ಕೆಳಗೆ ಆದದ್ದನ್ನು ಹೆಂಡತಿಗೆ ಹೇಳಿದೆ. ಅವಳು ತರಕಾರಿ ಹೆಚ್ಚುತ್ತಿದ್ದಳು.

"ನನಗೆ ಗೊತ್ತುಂಟು," ಎಂದಳು. "ಕುಕ್ಕರ್ ಕೂಗಿದ್ರೂ ನೀವು ಪಕ್ಕದಲ್ಲೇ ಕೂತು ಪೇಪರ್ ಓದ್ತಾ ಇರ್ತೀರಿ. ನಾನು ಎಷ್ಟು ಸಲ ಓಡಿ ಬರ್ಲಿಲ್ಲ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಎಂತ ಹೇಳುವುದು? ಪಿಟೀಲು ನುಡಿಸುವವರಿಗೆ ಕಿವಿ ಕೇಳುದಿಲ್ಲ ಅಂತ ಹೇಳುದಾ?"

ಎಗ್ಮೋರಿನ ಕಡೆ ಒಬ್ಬ ಕಿವಿ ಡಾಕ್ಟರಿದ್ದರು. ಕೆಲಸ ಇಲ್ಲದ ಒಂದು ಬೆಳಿಗ್ಗೆ ಇಬ್ಬರೂ ಹೋದೆವು. ನನ್ನನ್ನು ದಪ್ಪ ಬಾಗಿಲಿನ ಒಂದು ಸಣ್ಣ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ಎಷ್ಟೇ ಸಣ್ಣ ಸದ್ದು ಕೇಳಿಸಿದರೂ ಒತ್ತಬೇಕು. ಹೊರಗೆ ಗಾಜಿನ ಆಚೆ ಪರೀಕ್ಷೆ ಮಾಡುವ ಹೆಂಗಸು ಯಂತ್ರದ ಮುಂದೆ ಕುಳಿತಿದ್ದರು.

ಮೊದಲು ಕೆಳಗಿನ ಸದ್ದುಗಳು. ಹಡಗಿನ ಕೂಗಿನಂಥವು, ಆಮೇಲೆ ಕೊಳಲಿನಂಥವು. ಒತ್ತಿದೆ, ಒತ್ತಿದೆ, ಬಹಳ ಸುಲಭವಾಗಿತ್ತು. ನನ್ನ ಕಿವಿ ಸಾಮಾನ್ಯರದಲ್ಲ, ಸ್ವರದ ಮೇಲೇ ಬದುಕಿದ ಕಿವಿ ಎಂದು ಒಳಗೊಳಗೆ ಬಿಂಕವೂ ಬಂತು. ಆಮೇಲೆ ಅವರು ಸುಮ್ಮನಾದರು. ಯಂತ್ರಕ್ಕೆ ಏನೋ ಆಗಿರಬೇಕೆಂದು ಕಾದೆ. ಗಾಜಿನ ಆಚೆ ನೋಡಿದೆ. ಅವರ ಕೈ ಸುಮ್ಮನಿರಲಿಲ್ಲ. ಬೆರಳು ಒತ್ತುತ್ತಿತ್ತು, ಬಿಡುತ್ತಿತ್ತು, ಇನ್ನೊಂದು ಕೈ ತಿರುಗಣಿಯನ್ನು ಇಷ್ಟಿಷ್ಟೇ ತಿರುಗಿಸುತ್ತಿತ್ತು. ಮತ್ತೆ ಒತ್ತುತ್ತಿತ್ತು. ಅವರು ನನಗೆ ಸದ್ದು ಕಳಿಸುತ್ತಲೇ ಇದ್ದರು. ನನಗೆ ಆ ಕುಂಯ್ ಬಿಟ್ಟು ಬೇರೇನೂ ಇರಲಿಲ್ಲ.

ಗುಂಡಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡು ಅಲ್ಲಿ ಕೂತಿದ್ದ ಆ ಹೊತ್ತು ನನಗೆ ಇಂದಿಗೂ ಮರೆತಿಲ್ಲ. ಸುಮ್ಮನೆ ಒತ್ತಿಬಿಡಲೇ ಅನ್ನಿಸಿತು. ಒತ್ತಲಿಲ್ಲ.

ಡಾಕ್ಟರು ಗ್ರಾಫ್ ತೋರಿಸಿದರು. ಗೆರೆ ಸಮತಟ್ಟಾಗಿ ಹೋಗಿ, ಬಲಗಡೆ ಒಂದು ಕಡೆ ಕುಸಿದು, ತುದಿಯಲ್ಲಿ ಸ್ವಲ್ಪ ಏಳುತ್ತಿತ್ತು. ಎಡಗಿವಿಯದು ಹೆಚ್ಚು ಆಳ, ಬಲಗಿವಿಯದು ಈಗಷ್ಟೇ ಇಳಿಯಲು ಶುರು ಮಾಡಿದ ಹಾಗೆ.

"ಯಾವ ಫ್ಯಾಕ್ಟರಿ?" ಎಂದು ಕೇಳಿದರು.

"ಫ್ಯಾಕ್ಟರಿ ಅಲ್ಲ ಸಾರ್. ವಯಲಿನ್. ಸಿನಿಮಾ ಹಾಡಿಗೆ."

ಅವರು ಗ್ರಾಫನ್ನು ಮತ್ತೊಮ್ಮೆ ನೋಡಿದರು. "ಗೆರೆಯಲ್ಲಿ ಈ ಥರದ ತಗ್ಗು ಬಾಯ್ಲರ್ ಬಡಿಯುವವರಲ್ಲಿ ನೋಡಿದ್ದೇನೆ. ಸಂಗೀತದವರಲ್ಲಿ ಇದೇ ಮೊದಲು. ಕಿವಿಗೆ ಅದು ಸುತ್ತಿಗೆಯೋ ಹಾಡೋ ಗೊತ್ತಾಗುವುದಿಲ್ಲ ನೋಡಿ. ಎಷ್ಟು ಜೋರು, ಎಷ್ಟು ಹೊತ್ತು, ಅಷ್ಟೇ ಅದಕ್ಕೆ ಲೆಕ್ಕ."

ಔಷಧಿ ಇದೆಯಾ ಎಂದು ಹೆಂಡತಿ ಕೇಳಿದಳು.

"ಹೋದದ್ದು ಬರುವುದಿಲ್ಲಮ್ಮಾ. ಒಳಗಿನ ಸಣ್ಣ ಸಣ್ಣ ಕೂದಲಿನಂಥವು ಬಿದ್ದುಹೋಗಿವೆ, ಅವು ಮತ್ತೆ ಹುಟ್ಟುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಬಹುದು. ಸದ್ದಿನಿಂದ ದೂರ ಇರಬೇಕು."

ಸದ್ದಿನಿಂದ ದೂರ ಇರುವುದೆಂದರೆ ನಾನು ಏನು ಮಾಡಬೇಕು ಎಂದು ಅವರಿಗೂ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ನನ್ನ ಎಡಗಡೆ ಕೂತವಳು ಸ್ವಲ್ಪ ಹೊತ್ತಾದ ಮೇಲೆ ಎದ್ದು ಬಂದು ಬಲಗಡೆ ಕೂತಳು. ಅಲ್ಲಿಂದ ಮುಂದೆ ಯಾವತ್ತೂ ಅವಳು ಎಡಗಡೆ ಕೂರಲಿಲ್ಲ.

ಆಮೇಲಿನ ಕೆಲವು ತಿಂಗಳು ನಾನು ಮಾಡಿದ ಉಪಾಯಗಳು ಒಂದೂ ಸರಿಹೋಗಲಿಲ್ಲ. ಹತ್ತಿ ಇಟ್ಟುಕೊಂಡೆ. ಹತ್ತಿಯಿಂದ ಏನೂ ತಡೆಯುವುದಿಲ್ಲ, ಕಿವಿ ತುರಿಸುತ್ತದೆ ಅಷ್ಟೆ. ಡಾಕ್ಟರು ಕೊಟ್ಟ ಮೇಣದ ಬಿರಡೆ ಇಟ್ಟುಕೊಂಡೆ. ಟ್ರಂಪೆಟ್ ದೂರ ಹೋಯಿತು. ಅದರ ಜೊತೆಗೆ ಬೇರೆ ವಯಲಿನ್‌ಗಳೂ ಕಂಡಕ್ಟರರ ಮಾತೂ ದೂರ ಹೋದವು. ಉಳಿದದ್ದು ನನ್ನ ವಾದ್ಯವೊಂದೇ, ಅದೂ ಗಲ್ಲದ ಎಲುಬಿನ ಮೂಲಕ ತಲೆಬುರುಡೆಯೊಳಗೆ ಗುಂಯ್‌ಗುಟ್ಟುತ್ತ. ನನ್ನ ದನಿಯನ್ನು ಬೇರೆಯವರ ದನಿಯಲ್ಲಿ ಕರಗಿಸುವುದೇ ನಮ್ಮ ಕೆಲಸ. ಬೇರೆಯವರೇ ಇಲ್ಲದ ಮೇಲೆ ಯಾವುದರಲ್ಲಿ ಕರಗಿಸುವುದು? ಒಂದು ಸಲ ಎಲ್ಲರೂ ನಿಲ್ಲಿಸಿದ ಮೇಲೂ ನಾನೊಬ್ಬನೇ ಎರಡು ಮಾತ್ರೆ ಮುಂದಕ್ಕೆ ಎಳೆದಿದ್ದೆ. ಕಂಡಕ್ಟರ್ ನಕ್ಕು ಅದೊಂದು ಸಲ ಮನ್ನಿಸಿದರು. ಬಿರಡೆಯನ್ನು ಜೇಬಿಗೆ ಹಾಕಿದೆ.

ಕುರ್ಚಿ ಬದಲಿಸಿಕೊಡಿ ಎಂದು ಸೌಂಡ್ ಇಂಜಿನಿಯರನ್ನು ಕೇಳಿದೆ. ಕಾರಣ ಹೇಳಲಿಲ್ಲ, ಸೆಖೆ ಅಂದೆ. ಅವರು ಪಾಪ ನೆಲದ ಮೇಲೆ ಸುಣ್ಣದಕಡ್ಡಿಯಲ್ಲಿ ಬರೆದ ಗುರುತು ತೋರಿಸಿ ವಿವರಿಸಿದರು. ಹಾಲು ಇರುವುದೇ ಇಷ್ಟು. ಟ್ರಂಪೆಟ್‌ಗಳನ್ನು ಮುಂದೆ ತಂದರೆ ಗಾಜಿನ ಕೋಣೆಗೆ ಹತ್ತಿರವಾಗಿ ಗಾಯಕರ ಮೈಕಿಗೂ ಅವು ಸೋರುತ್ತವೆ. ಪಕ್ಕಕ್ಕೆ ಹಾಕಿದರೆ ಕೊಳಲು ಮುಳುಗುತ್ತದೆ. ಅವು ಹಿಂದೆಯೇ ಇರಬೇಕು, ಅವುಗಳ ಮುಂದೆ ಯಾರಾದರೂ ಕೂರಲೇಬೇಕು.

ನಿಜ ಹೇಳುವುದಕ್ಕೆ ಹೆದರಿಕೆ. ನಮಗೆ ಕೆಲಸ ಬರುತ್ತಿದ್ದದ್ದು ಬಾಯಿಮಾತಿನಲ್ಲಿ. ಹಿಂದಿನ ದಿನ ಸಂಜೆ, ವಾದ್ಯದವರನ್ನು ಕೂಡಿಸಿಕೊಡುವ ಏಜೆಂಟ್ ಪಕ್ಕದ ಮನೆಗೆ ಫೋನ್ ಮಾಡಿ, ನಾಳೆ ಇಂಥ ಕಡೆ ಏಳು ಗಂಟೆ ಕಾಲ್‌ಶೀಟ್ ಅನ್ನುತ್ತಿದ್ದ. ಅವನ ಕಿವಿಗೆ ನನ್ನ ಕಿವಿಯ ಸುದ್ದಿ ಬಿದ್ದರೆ ಫೋನ್ ನಿಂತುಹೋಗುತ್ತದೆ. ಯಾರೂ ತೆಗೆದುಹಾಕುವುದಿಲ್ಲ. ಸುಮ್ಮನೆ ಕರೆಯುವುದಿಲ್ಲ.

ಕೊನೆಗೆ ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಟ್ರಂಪೆಟ್‌ನವರಲ್ಲೇ ಒಬ್ಬರನ್ನು ಕೇಳಿದೆ. ವರ್ಷಗಟ್ಟಲೆ ನನ್ನ ಹಿಂದೆ ಕೂತವರು. ಪೆರಂಬೂರಿನ ರೈಲ್ವೆ ಕಾಲೊನಿಯ ಆಂಗ್ಲೋ ಇಂಡಿಯನ್ ಮನೆತನದವರು, ಬಹಳ ನಗಿಸುವವರು. ಅವರ ಮುಖ ನಾನು ನೋಡಿದ್ದಕ್ಕಿಂತ ಅವರ ಉಸಿರು ನನ್ನ ಕತ್ತಿಗೆ ತಾಗಿದ್ದೇ ಹೆಚ್ಚು.

"ಸ್ವಲ್ಪ ಮೇಲಕ್ಕೆತ್ತಿ ಊದಲಿಕ್ಕಾಗುತ್ತಾ?" ಎಂದೆ. "ನನ್ನ ಕಿವಿ ಹೋಗ್ತಾ ಇದೆ."

ಅವರಿಗೆ ಕೇಳಿಸಲಿಲ್ಲ. ನಾನು ಜೋರಾಗಿ ಇನ್ನೊಂದು ಸಲ ಹೇಳಿದೆ. ಆಗಲೂ ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಅವರು ಯಾವಾಗಲೂ ಎದುರಿನವರ ತುಟಿ ನೋಡಿಯೇ ಮಾತಾಡುತ್ತಿದ್ದರೆಂಬುದು ನನಗೆ ಹೊಳೆದದ್ದು ಆಗ. ಜೋಕು ಹೇಳಿ ಹೇಳಿ ಬೇರೆಯವರಿಗೆ ಮಾತಾಡಲು ಬಿಡದಿದ್ದದ್ದು ಯಾಕೆಂದೂ ಹೊಳೆಯಿತು.

"ನಂದು ಹೋಗಿ ಬಹಳ ವರ್ಷ ಆಯ್ತು ಮ್ಯಾನ್," ಎಂದರು. ನಗಲಿಲ್ಲ. "ನನಗೆ ಊದಿದ್ದು ತುಟಿಯಲ್ಲಿ ಗೊತ್ತಾಗುತ್ತೆ, ಅದಕ್ಕೆ ನಡೀತಿದೆ. ನೀವು ಹಾಗೆ ಮಾಡಲಿಕ್ಕಾಗಲ್ಲ."

ಡಾಕ್ಟರರ ಹತ್ತಿರ ಬನ್ನಿ, ಯಂತ್ರ ಇದೆ ಎಂದೆ. ಗೊತ್ತಿರುವುದನ್ನು ಯಂತ್ರದ ಬಾಯಲ್ಲಿ ಯಾಕೆ ಕೇಳಬೇಕು ಎಂದರು. ಮಧ್ಯಾಹ್ನದ ಟೇಕಿನಲ್ಲಿ ಅವರು ವಾದ್ಯವನ್ನು ಎಷ್ಟು ಸಾಧ್ಯವೋ ಅಷ್ಟು ಮೇಲಕ್ಕೆತ್ತಿ ಊದಿದರು. ಒಳಗಿನಿಂದ ಇಂಜಿನಿಯರ್, ಟ್ರಂಪೆಟ್ ಮೈಕಿಗೆ ಬರುತ್ತಿಲ್ಲ, ಇಳಿಸಿ ಅಂದರು. ಇಳಿಸಿದರು.

ಆ ವಾರ ಲೀಡರ್ ನನ್ನನ್ನು ಮನೆಗೆ ಕರೆದರು. ಅವರ ಮನೆ ಸಾಲಿಗ್ರಾಮದ ಹತ್ತಿರ. ವರಾಂಡದಲ್ಲಿ ಕೂರಿಸಿ, ಕಾಫಿ ಕೊಟ್ಟು, ನೇರವಾಗಿ ವಿಷಯಕ್ಕೆ ಬಂದರು.

"ವೇಪೇರಿಯವನು ನನಗೆ ಏನೂ ಹೇಳಿಲ್ಲ, ಅವನ ಮೇಲೆ ಕೋಪ ಮಾಡಬೇಡ. ನನಗೇ ಗೊತ್ತಾಗುತ್ತೆ. ಮೇಲಿನ ಜಾಗ ಬಂದಾಗೆಲ್ಲ ನೀನು ಬೆರಳು ನೋಡ್ತೀಯ. ಮೊದಲು ನೋಡ್ತಿರಲಿಲ್ಲ."

ನಾನು ಎಲ್ಲವನ್ನೂ ಹೇಳಿದೆ. ಎರಡು ಕಿವಿ ಎರಡು ಸ್ವರ ಹೇಳುವುದು, ಗಾಜಿನ ಆಚೆಯ ಕೈ, ಮಗಳು. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು.

"ಕೆಳಗಿನ ಸ್ವರಗಳು ಹೇಗಿವೆ?"

"ಅವು ಸರಿ ಇವೆ."

"ವಿಯೋಲದ ಕುರ್ಚಿ ಒಂದು ಖಾಲಿ ಇದೆ," ಎಂದರು.

ವಿಯೋಲ ವಯಲಿನ್ನಿನ ಹಾಗೇ ಇರುವ, ಅದಕ್ಕಿಂತ ದೊಡ್ಡ ವಾದ್ಯ. ಮೇಲಿನ ತಂತಿ ಅದಕ್ಕಿಲ್ಲ. ಬದಲಿಗೆ ಕೆಳಗೆ ಒಂದು ದಪ್ಪ ತಂತಿ ಇದೆ. ಹಾಡು ಕೇಳುವವರು ಯಾರೂ ಅದನ್ನು ಗುರುತಿಸುವುದಿಲ್ಲ. ತೆಗೆದುಬಿಟ್ಟರೆ ಏನೋ ಖಾಲಿಯಾಯಿತು ಅನ್ನಿಸುತ್ತದೆ, ಏನೆಂದು ಗೊತ್ತಾಗುವುದಿಲ್ಲ. ನಮ್ಮಲ್ಲಿ ವಯಲಿನ್ ಕೈಹಿಡಿಯದವರು ವಿಯೋಲಕ್ಕೆ ಹೋಗುತ್ತಾರೆಂದು ತಮಾಷೆ ಮಾಡುತ್ತಿದ್ದೆವು. ನಾನೂ ಮಾಡಿದ್ದೆ. ಆದರೆ ಅದರ ಕುರ್ಚಿ ಇದ್ದದ್ದು ಕಂಡಕ್ಟರರ ಎದುರಿಗೆ, ನೆಲಕ್ಕೂರಿ ನುಡಿಸುವ ಚೆಲ್ಲೋಗಳ ಪಕ್ಕದಲ್ಲಿ, ಟ್ರಂಪೆಟ್‌ಗಳಿಂದ ಇಡೀ ಹಾಲಿನಷ್ಟು ದೂರ.

"ಯೋಚನೆ ಮಾಡು," ಎಂದರು. "ನಿನ್ನ ಜಾಗಕ್ಕೆ ಮಧುರೈಯಿಂದ ಒಬ್ಬ ಹುಡುಗ ಬರ್ತಾನೆ. ಒಳ್ಳೆ ಕಿವಿ."

ನಾನು ಮನೆಗೆ ನಡೆದೇ ಬಂದೆ. ಆ ಇಳಿಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ವಯಲಿನ್ ತೆಗೆದೆ. ಮೇಲಿನ ತಂತಿಯ ಮೇಲೆ ಕಮಾನು ಇಟ್ಟು, ಗುರುವಿನ ಹತ್ತಿರ ಮೊದಲು ಕಲಿತ ಪಾಠದಿಂದ ಶುರು ಮಾಡಿ ನೆನಪಿದ್ದದ್ದೆಲ್ಲ ನುಡಿಸಿದೆ. ಸ್ವರ ಇತ್ತು. ಆದರೆ ಅದರ ಸುತ್ತ ಇರುತ್ತಿದ್ದ ಹೊಳಪು, ಕಮಾನು ತಂತಿಗೆ ತಾಗುವಾಗ ರೇಷ್ಮೆ ಹರಿದಂತೆ ಬರುತ್ತಿದ್ದ ಆ ಸಣ್ಣ ಸದ್ದು, ಅದು ಇರಲಿಲ್ಲ. ಯಾವಾಗ ಹೋಯಿತು? ಹೋದ ದಿನ ಗೊತ್ತಿದ್ದರೆ ಹಿಂದಿನ ದಿನ ಒಂದಿಷ್ಟು ಹೊತ್ತು ಹೆಚ್ಚಾಗಿ ಕೂತು ಕೇಳುತ್ತಿದ್ದೆ. ಅದಕ್ಕಾಗಿಯೇ ಅಲ್ಲವೇ ಹುಡುಗನಾಗಿದ್ದಾಗ ಹೋಟೆಲಿನ ಕೆಲಸ ಬಿಟ್ಟು ಟ್ರಾಂ ಹಳಿಯ ಪಕ್ಕದಲ್ಲಿ ಅಷ್ಟು ದೂರ ನಡೆದು ಪಾಠಕ್ಕೆ ಹೋಗುತ್ತಿದ್ದದ್ದು. ಆ ಹೊಳಪು ಇನ್ನೊಂದು ಸಲ ಕೇಳಬೇಕೆಂಬ ಆಸೆ ಹಸಿವಿನ ಹಾಗೆ ಹೊಟ್ಟೆಯಿಂದ ಎದ್ದಿತು. ನನ್ನ ಕೈ ಅದನ್ನು ಈಗಲೂ ಹೊರಡಿಸುತ್ತಿದೆ, ಈ ಕೋಣೆಯಲ್ಲೇ ಅದು ಇದೆ, ಪಕ್ಕದ ಮನೆಯವರಿಗೂ ಕೇಳಿಸುತ್ತಿದೆ ಎಂಬುದೇ ತಡೆಯಲಾಗದಂತಾಯಿತು.

ಆದರೆ ನಿರ್ಧಾರಕ್ಕೆ ಬಂದದ್ದು ಅದರಿಂದಲ್ಲ, ಮಧುರೈಯ ಹುಡುಗನಿಂದ. ನಾನು ಸದ್ದಿಲ್ಲದೆ ವಿಯೋಲಕ್ಕೆ ಸರಿದುಹೋದರೆ ಆ ಕುರ್ಚಿ ಅಲ್ಲೇ ಇರುತ್ತದೆ. ಒಳ್ಳೆ ಕಿವಿಯವನೊಬ್ಬ ಬಂದು ಅದರಲ್ಲಿ ಕೂರುತ್ತಾನೆ.

ಮುಂದಿನ ರೆಕಾರ್ಡಿಂಗಿನ ಬೆಳಿಗ್ಗೆ ಎಲ್ಲರೂ ಶ್ರುತಿ ಮಾಡಿಕೊಂಡ ಮೇಲೆ ನಾನು ಎದ್ದು ನಿಂತೆ. ಕಂಡಕ್ಟರರಿಗೆ ಒಂದು ಮಾತು ಹೇಳುವುದಿದೆ ಅಂದೆ. ನಾನು ವಿಯೋಲಕ್ಕೆ ಹೋಗುತ್ತಿದ್ದೇನೆ, ಯಾಕೆಂದರೆ ನನ್ನ ಎಡಗಿವಿಗೆ ಮೇಲಿನ ಸ್ವರಗಳು ಹೋಗಿವೆ, ಹೋದದ್ದು ಈ ಕುರ್ಚಿಯಲ್ಲಿ. ಹೀಗೇ ಬಿಟ್ಟರೆ ಇಲ್ಲಿ ಕೂರುವವರದೂ ಹೋಗುತ್ತದೆ. ನನ್ನ ಹಿಂದೆ ಊದುವವರದ್ದು ತಪ್ಪಲ್ಲ, ಅವರು ತಮ್ಮ ಕೆಲಸ ಮಾಡುತ್ತಿದ್ದಾರೆ. ಮಧ್ಯೆ ಒಂದು ಅಡ್ಡ ಹಲಗೆ ಹಾಕಿಸಿ, ಕೊನೆಯ ಸಾಲನ್ನು ಸ್ವಲ್ಪ ಓರೆ ಮಾಡಿ, ಸರದಿಯಲ್ಲಿ ಕೂರಿಸಿ. ಎಷ್ಟು ಜೋರಾಗಿ ಹೇಳುತ್ತಿದ್ದೇನೆಂದು ನನಗೆ ಗೊತ್ತಾಗುತ್ತಿರಲಿಲ್ಲ.

ಕಂಡಕ್ಟರ್ ತಮ್ಮ ಕೋಲನ್ನು ಸ್ಟ್ಯಾಂಡಿನ ಮೇಲಿಟ್ಟು ಇಂಜಿನಿಯರರ ಕಡೆ ನೋಡಿದರು. ಇಂಜಿನಿಯರ್, ಹಲಗೆ ಹಾಕಿದರೆ ನನ್ನ ಬ್ಯಾಲೆನ್ಸ್ ಪೂರ್ತಿ ಬದಲಾಗುತ್ತದೆ ಎಂದರು. ಆಗ ಹಿಂದಿನಿಂದ ಪೆರಂಬೂರಿನ ಟ್ರಂಪೆಟ್‌ನವರು, ತಮಗೆ ತಮ್ಮ ದನಿ ಎಷ್ಟೆಂದು ತಿಳಿಯದವರು ಮಾತಾಡುವಷ್ಟು ಜೋರಾಗಿ, "ಬದಲಾಗಲಿ ಸಾರ್. ನಾನೂ ಕಿವುಡ," ಎಂದರು.

ಹಲಗೆ ಬಂತು. ಬಡಗಿಯಿಂದ ಪ್ಲೈವುಡ್ ಕೊಯ್ಯಿಸಿ, ಎರಡೂ ಕಡೆ ಕಂಬಳಿ ಹೊಡೆಸಿ, ಕಾಲು ಕೊಟ್ಟು ನಿಲ್ಲಿಸಿದರು. ಮೊದಲ ದಿನ ಅದು ಬಿತ್ತು. ಎರಡನೆಯ ಸಲ ಭಾರ ಕಟ್ಟಿದರು. ಇಂಜಿನಿಯರ್ ಗೊಣಗುತ್ತ ಟ್ರಂಪೆಟ್‌ಗೆ ಬೇರೆ ಮೈಕು ಇಟ್ಟರು. ಆಮೇಲೆ ಅವರೇ, ಇದೇ ಚೆನ್ನಾಗಿದೆ, ವಯಲಿನ್ ಮೈಕಿಗೆ ಟ್ರಂಪೆಟ್ ಸೋರುವುದು ನಿಂತಿತು ಎಂದರು. ಬೇರೆ ಥಿಯೇಟರುಗಳಲ್ಲಿ ಏನೂ ಬದಲಾಗಲಿಲ್ಲ. ನಾನು ಹೆದರಿದ್ದೂ ಆಯಿತು. ಕೆಲವು ಕಡೆಯಿಂದ ಫೋನ್ ಬರುವುದು ನಿಂತಿತು. ಅದರ ಜೊತೆಗೆ ಇನ್ನೊಂದೂ ಆಯಿತು. ಗೇಟಿನ ಹತ್ತಿರ, ಬಸ್ ಸ್ಟಾಪಿನಲ್ಲಿ, ಒಬ್ಬೊಬ್ಬರಾಗಿ ನನ್ನ ಬಲಗಡೆಗೆ ಬಂದು, ಆ ಡಾಕ್ಟರು ಎಲ್ಲಿ ಅಂದಿರಿ ಎಂದು ಕೇಳತೊಡಗಿದರು. ಒಬ್ಬ ತಬಲದವರು, ಒಬ್ಬ ಕೊಳಲಿನವರು, ಡ್ರಮ್ಸ್‌ನವರು. ಮಧುರೈಯ ಹುಡುಗನನ್ನು ನಾನೇ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದೆ. ಅವನ ಗೆರೆ ಕೊನೆಯವರೆಗೂ ನೆಟ್ಟಗೆ ಹೋಗಿತ್ತು. ಅದನ್ನು ನಾನು ಬಹಳ ಹೊತ್ತು ನೋಡಿದೆ.

ವಿಯೋಲ ಸುಲಭಕ್ಕೆ ಒಲಿಯಲಿಲ್ಲ. ಅದರ ನೊಟೇಶನ್ ಬೇರೆ. ಗೆರೆಗಳು ಅವೇ ಇದ್ದರೂ ಒಂದೊಂದು ಗೆರೆಯ ಅರ್ಥ ಬದಲಾಗಿರುತ್ತದೆ. ನಲವತ್ತು ದಾಟಿದ ಕಣ್ಣು ಹಳೆಯದನ್ನೇ ಓದುತ್ತದೆ. ಬೆರಳುಗಳನ್ನು ಹೆಚ್ಚು ಅಗಲಿಸಬೇಕು, ಕಮಾನಿಗೆ ತೋಳಿನ ಭಾರ ಕೊಡಬೇಕು. ತಿಂಗಳುಗಟ್ಟಲೆ ಹೆಗಲು ನೋವು. ಆದರೆ ಮೊದಲ ದಿನ ಆ ದಪ್ಪ ತಂತಿಯನ್ನು ಎಳೆದಾಗ ನಾನು ಮಾಡಿದ ಮೊದಲ ಕೆಲಸ, ಬಿಡುವಾಗಿದ್ದ ಎಡಗೈಯಿಂದ ಒಂದು ಕಿವಿ ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿದ್ದು. ಎರಡೂ ಕಿವಿಯಲ್ಲಿ ಅದೇ ಸ್ವರ ಇತ್ತು. ವರ್ಷಗಳಾದ ಮೇಲೆ ಎರಡು ಕಿವಿಗಳು ಒಂದೇ ಮಾತು ಹೇಳಿದ್ದು. ನಾನು ಆ ಒಂದೇ ತಂತಿಯನ್ನು ಮತ್ತೆ ಮತ್ತೆ ಎಳೆದೆ. ಹೆಂಡತಿ ಇಣುಕಿ ನೋಡಿ ಹೋದಳು.

ಆ ದಿನಗಳಲ್ಲೇ ಮನೆಯಲ್ಲಿ ಇನ್ನೊಂದು ಬದಲಾವಣೆಯಾಯಿತು. ನನಗೆ ಕನ್ನಡ ಸ್ವಲ್ಪ ಕೇಳಿಸಿದರೂ ಸಾಕು, ಬಿಟ್ಟುಹೋದದ್ದನ್ನು ತಲೆಯೇ ತುಂಬಿಕೊಳ್ಳುತ್ತದೆ. ಹುಟ್ಟಿನಿಂದ ಬಂದ ಮಾತು. ತಮಿಳು ಎಷ್ಟೇ ಬಂದರೂ ಅಷ್ಟಾಗುವುದಿಲ್ಲ. ಇದನ್ನು ಗಮನಿಸಿದವಳು ಮಗಳು. ಯಾರೂ ಹೇಳಿರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ, ನನ್ನ ಬಲಗಡೆಯಿಂದ, "ಅಪ್ಪಾ, ನಿಮಗೆ ಸಾರು ಬೇಕಾ?" ಎಂದಳು. ಅವಳ ಕನ್ನಡ ತಮಿಳಿನ ರಾಗದಲ್ಲಿತ್ತು. ನಾನು ಬೇಕೆಂದೆ. ಹೆಂಡತಿ ತಟ್ಟೆಯಿಂದ ತಲೆ ಎತ್ತಲಿಲ್ಲ, ಆದರೆ ಅವಳ ಕೈ ನಿಂತಿತ್ತು.

ವಿಯೋಲದ ಕುರ್ಚಿಯಲ್ಲಿ ನಾನು ನುಡಿಸಿದ ಮೊದಲ ಹಾಡು ಒಂದು ತಾಯಿ ಹಾಡುವ ಹಾಡು. ಅದರಲ್ಲೂ ವಯಲಿನ್‌ಗಳಿಗೆ ಮೇಲಿನ ಒಂದು ಜಾಗವಿತ್ತು. ನಮಗೆ ಅಲ್ಲಿ ಒಂದೇ ಸ್ವರ, ಉದ್ದಕ್ಕೆ, ಕೆಳಗೆ ಹಾಸಿದಂತೆ. ಅದನ್ನು ಹಿಡಿದು ಕೂತಾಗ, ಕಂಡಕ್ಟರರ ಕಣ್ಣು ನನ್ನ ತಲೆಯ ಮೇಲಿಂದ ಹಿಂದಿನ ಸಾಲಿಗೆ ಹೋಯಿತು. ಅವರ ಮುಖ ಸಡಿಲವಾಯಿತು. ಮಧುರೈಯ ಹುಡುಗನೂ ವೇಪೇರಿ ಅಣ್ಣನೂ ಅಲ್ಲಿ ಮೇಲೆ ಎಲ್ಲೋ ಇದ್ದರು. ನಾನು ಕಂಡಕ್ಟರರ ಮುಖ ನೋಡುತ್ತ ನನ್ನ ಸ್ವರವನ್ನು ಬಿಡದೆ ಹಿಡಿದಿದ್ದೆ. ಮೊದಲ ಟೇಕೇ ಓಕೆ ಆಯಿತು.

ಕೆಲವು ತಿಂಗಳ ಮೇಲೆ ಆ ಹಾಡು ರೇಡಿಯೋದಲ್ಲಿ ಬರತೊಡಗಿತು. ಒಂದು ಭಾನುವಾರ ಬೆಳಿಗ್ಗೆ ಮಗಳು ತಲೆಗೂದಲು ಒಣಗಿಸಿಕೊಳ್ಳುತ್ತ ರೇಡಿಯೋ ಹಾಕಿದ್ದಳು. ನಾನು ಹತ್ತಿರ ಹೋಗಿ ಕೂತೆ. ಗಾಯಕಿಯ ದನಿ ಬಂತು, ತಬಲ ಬಂತು, ಚೆಲ್ಲೋ ಬಂತು, ಅದರ ಹತ್ತಿರದಲ್ಲೇ ಎಲ್ಲೋ ನಾನು. ಆಮೇಲೆ ಆ ಜಾಗ ಬಂತು. ಆ ಸಣ್ಣ ರೇಡಿಯೋದಿಂದ ನನಗೆ ಒಂದು ಮಸುಕಾದ ಗೆರೆಯಷ್ಟೇ ಸಿಕ್ಕಿತು. ಅದೂ ಸಿಕ್ಕಿತೋ, ನಾನೇ ಅಂದುಕೊಂಡೆನೋ.

"ಈಗ ವಯಲಿನ್ ಇದೆಯಾ?" ಎಂದು ಕೇಳಿದೆ.

"ಇದೆ ಅಪ್ಪಾ. ಮೇಲೆ ಹೋಗ್ತಾ ಇದೆ. ತುಂಬಾ ಮೇಲೆ."

"ಹೇಗಿದೆ?"

ಅವಳು ಯೋಚಿಸಿದಳು. ಹೇಳಲು ಕನ್ನಡದಲ್ಲಿ ಮಾತು ಹುಡುಕಿದಳು, ಸಿಗಲಿಲ್ಲ. ತಮಿಳಿನಲ್ಲೂ ಸಿಗಲಿಲ್ಲ ಎಂದು ಕಾಣುತ್ತದೆ. ಹಾಡು ಆ ಜಾಗ ದಾಟಿ ಮುಂದಕ್ಕೆ ಹೋಗಿತ್ತು. ಅವಳು ರೇಡಿಯೋದ ದನಿ ತಗ್ಗಿಸಿ, ನನ್ನ ಬಲಗಡೆಗೆ ಬಂದು ಕೂತು, ವಯಲಿನ್‌ಗಳು ನುಡಿಸಿದ್ದನ್ನು ಗಂಟಲಿನಲ್ಲಿ, ತನ್ನ ದನಿ ಇಳಿಯುವಷ್ಟು ಕೆಳಗಿನ ಸ್ಥಾಯಿಯಲ್ಲಿ, ಮೆಲ್ಲಗೆ ಗುನುಗಿ ತೋರಿಸಿದಳು.